ಬೇಟೆಯ ದುಡ್ಡು ಯಾರ ಊರಿಗೆ?

2024ರ ಏಪ್ರಿಲ್‌ನಲ್ಲಿ ಬೋಟ್ಸ್ವಾನಾದ ಆಗಿನ ಅಧ್ಯಕ್ಷ ಮೊಕ್ವೀಟ್ಸಿ ಮಸೀಸಿ ಜರ್ಮನಿಯ ‘ಬಿಲ್ಡ್’ ಪತ್ರಿಕೆಯ ಎದುರು ಸಿಟ್ಟಾದರು. ನಿಮ್ಮ ದೇಶಕ್ಕೆ 20,000 ಆನೆ ಉಡುಗೊರೆ ಕೊಡುತ್ತೇವೆ, ನಮಗೆ ಬುದ್ಧಿ ಹೇಳುವ ನೀವೇ ಅವುಗಳ ಜೊತೆ ಬಾಳಿ ತೋರಿಸಿ, ಇದು ತಮಾಷೆಯ ಮಾತಲ್ಲ ಎಂದರು. ಬೇಟೆಯಾಡಿದ ಪ್ರಾಣಿಗಳ ತಲೆ, ದಂತ, ತೊಗಲನ್ನು ದೇಶದೊಳಕ್ಕೆ ತರುವುದಕ್ಕೆ ಇನ್ನಷ್ಟು ಬಿಗಿ ನಿಯಮ ಬೇಕೆಂದು ಜರ್ಮನಿಯ ಪರಿಸರ ಸಚಿವಾಲಯ ಹೊರಟಿದ್ದೇ ಈ ಸಿಟ್ಟಿಗೆ ಕಾರಣ.

ಬೋಟ್ಸ್ವಾನಾದ ವಿಸ್ತೀರ್ಣ ಕರ್ನಾಟಕದ ಮೂರು ಪಟ್ಟು. ಜನಸಂಖ್ಯೆ ಸುಮಾರು 25 ಲಕ್ಷ, ಆನೆಗಳು ಸುಮಾರು 1,30,000. 2023ರ ಗಣತಿಯಲ್ಲಿ ಕರ್ನಾಟಕಕ್ಕೆ ಸಿಕ್ಕ ಲೆಕ್ಕ 6,395. ಅಷ್ಟಕ್ಕೇ ನಾವು ದೇಶದಲ್ಲಿ ಮೊದಲ ಸ್ಥಾನದಲ್ಲಿದ್ದೇವೆ. ಅಷ್ಟಕ್ಕೇ ಸಕಲೇಶಪುರ, ಆಲೂರು, ಕೊಡಗಿನ ಕಾಫಿ ತೋಟಗಳಲ್ಲಿ ಬೆಳಗಿನ ಹೊತ್ತು ಕೆಲಸಕ್ಕೆ ಹೋಗಲು ಆಳುಗಳು ಹೆದರುತ್ತಾರೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಮಸೀಸಿಯವರ ಮಾತಿನ ಹಿಂದಿನ ಉರಿ ಸ್ವಲ್ಪ ಅರ್ಥವಾದೀತು.

ದುಡ್ಡಿದ್ದ ವಿದೇಶಿಯೊಬ್ಬ ವಿಮಾನದಲ್ಲಿ ಬಂದು, ಲಕ್ಷಗಟ್ಟಲೆ ಸುರಿದು, ಒಂದು ಸಲಗವನ್ನು ಹೊಡೆದುರುಳಿಸಿ ಫೋಟೊ ತೆಗೆಸಿಕೊಂಡರೆ ಅದರಿಂದ ಆನೆಯ ಕುಲ ಉಳಿಯುತ್ತದೆಯೇ? ಕೇಳಲು ಅಸಂಬದ್ಧ. ಆದರೂ ಆಫ್ರಿಕದ ಹಲವು ಸರ್ಕಾರಗಳು, ವನ್ಯಜೀವಿ ವಿಜ್ಞಾನಿಗಳು, ಕಾಡಂಚಿನ ಹಳ್ಳಿಗರು ಹೌದು ಎನ್ನುತ್ತಾರೆ. ಅಲ್ಲ ಎನ್ನುವವರಲ್ಲೂ ಅಷ್ಟೇ ತಿಳಿದವರಿದ್ದಾರೆ. ಎರಡೂ ಕಡೆಯವರು ಪ್ರಾಣಿಯ ಪರವಾಗಿಯೇ ವಾದಿಸುತ್ತಿರುವಾಗ, ಈ ವ್ಯವಹಾರ ನಡೆಯುವುದು ಹೇಗೆ ಎಂದು ಮೊದಲು ನೋಡುವುದು ಒಳ್ಳೆಯದು.

ಗುಂಡಿಗಿಂತ ಮೊದಲು ಕೋಟಾ

ಇಂದಿನ ಕಾನೂನುಬದ್ಧ ಬೇಟೆಯಲ್ಲಿ ರೈಫಲ್ ಹಿಡಿದವನು ಎಲ್ಲರಿಗಿಂತ ಕೊನೆಗೆ ಬರುತ್ತಾನೆ. ಮೊದಲು ಬರುವುದು ಸರ್ಕಾರ. ವನ್ಯಜೀವಿ ಇಲಾಖೆ ಪ್ರತಿ ಪ್ರದೇಶಕ್ಕೂ ಕೋಟಾ ಗೊತ್ತುಮಾಡುತ್ತದೆ: ಈ ಬ್ಲಾಕಿನಲ್ಲಿ ಇಷ್ಟು ಕಾಡೆಮ್ಮೆ, ಇಷ್ಟು ಕುಡು ಜಿಂಕೆ, ಒಂದು ಚಿರತೆ, ಒಂದೋ ಎರಡೋ ಆನೆ. ಆ ಬ್ಲಾಕಿನ ಗುತ್ತಿಗೆ ಹಿಡಿದ ಸಫಾರಿ ಕಂಪನಿ ಈ ಕೋಟಾವನ್ನು ಅಮೆರಿಕ, ಯುರೋಪಿನ ಗಿರಾಕಿಗಳಿಗೆ ಮಾರುತ್ತದೆ. ಗಿರಾಕಿ ಎರಡು ಬಗೆಯ ದುಡ್ಡು ಕಟ್ಟಬೇಕು. ಬಿಡಾರ, ಊಟ, ವಾಹನ, ಆಳುಗಳಿಗೆಲ್ಲ ಸೇರಿ ದಿನಕ್ಕಿಷ್ಟು ಎಂಬ ಬಾಡಿಗೆ ಒಂದು; ಹೊಡೆದ ಪ್ರಾಣಿಗೆ ತಲೆಗಿಷ್ಟು ಎಂಬ ಟ್ರೋಫಿ ಶುಲ್ಕ ಇನ್ನೊಂದು. ಇಂಪಾಲ ಜಿಂಕೆಗೆ ಕೆಲವು ನೂರು ಡಾಲರ್ ಸಾಕು. ಕಾಡೆಮ್ಮೆಯ ಬೇಟೆಗೆ ಎಲ್ಲ ಸೇರಿ ಹತ್ತು ಸಾವಿರ ಡಾಲರ್ ದಾಟುತ್ತದೆ. ಆನೆ, ಸಿಂಹಗಳ ಬೆಲೆ ಹತ್ತಾರು ಸಾವಿರ ಡಾಲರ್‌ಗಳಲ್ಲಿ.

ಗಿರಾಕಿಯ ಜೊತೆ ಪರವಾನಗಿ ಪಡೆದ ವೃತ್ತಿಪರ ಬೇಟೆಗಾರನೊಬ್ಬ ಇರಲೇಬೇಕು. ಜಿಂಬಾಬ್ವೆಯಲ್ಲಿ ಈ ಪರವಾನಗಿ ಸುಲಭಕ್ಕೆ ದಕ್ಕುವುದಿಲ್ಲ. ಲಿಖಿತ ಪರೀಕ್ಷೆ ಬರೆಯಬೇಕು, ಹಳೆಯ ಬೇಟೆಗಾರನ ಕೈಕೆಳಗೆ ವರ್ಷಗಟ್ಟಲೆ ದುಡಿಯಬೇಕು, ಗುರಿ ಪರೀಕ್ಷೆಯಲ್ಲಿ ಗೆಲ್ಲಬೇಕು. ಕೊನೆಗೆ ಕಾಡಿನಲ್ಲೇ ಪರೀಕ್ಷಕರ ಕಣ್ಣೆದುರು ಕೆಲಸ ಮಾಡಿ ತೋರಿಸಬೇಕು. ಆದರೂ ನಿಜವಾದ ವಿದ್ಯೆ ಇರುವುದು ಇವನ ಮುಂದೆ ಬಗ್ಗಿ ನಡೆಯುವ ಸ್ಥಳೀಯನ ಕಣ್ಣಲ್ಲಿ. ಜಾಡು ಹಿಡಿಯುವ ಅವನು ಮುಂಜಾನೆ ನೀರಿನ ಹೊಂಡದ ಸುತ್ತ ಗೊರಸಿನ ಗುರುತು ನೋಡಿ, ರಾತ್ರಿ ಬಂದುಹೋದ ಹಿಂಡು ಯಾವ ಕಡೆ ತಿರುಗಿತೆಂದು ಹೇಳುತ್ತಾನೆ. ಲದ್ದಿ ಮುಟ್ಟಿ, ಎಷ್ಟು ಹೊತ್ತಿನ ಹಿಂದಿನದು ಎಂದು ಅಳೆಯುತ್ತಾನೆ. ಮುರಿದ ಹುಲ್ಲು ಇನ್ನೂ ಹಸಿಯಾಗಿದೆಯೇ, ಹೆಜ್ಜೆಯ ಮೇಲೆ ಇರುವೆ ಹರಿದಿದೆಯೇ ಎಂಬುದೆಲ್ಲ ಅವನಿಗೆ ಸಾಕ್ಷಿ. ಗಾಳಿ ಯಾವ ಕಡೆಗಿದೆ ಎಂದು ತಿಳಿಯಲು ಸಣ್ಣ ಚೀಲದಿಂದ ಬೂದಿ ಕೊಡವುತ್ತಾರೆ. ಮನುಷ್ಯರ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಕಾಡೆಮ್ಮೆಗಳು ಧೂಳೆಬ್ಬಿಸಿ ಓಡುತ್ತವೆ, ಅರ್ಧ ದಿನದ ನಡಿಗೆ ಮಣ್ಣುಪಾಲು.

ಪ್ರವಾಸಿಗರು ಇಂದು ಕ್ಯಾಮೆರಾ ಹಿಡಿದು ಹುಡುಕುವ ‘ಬಿಗ್ ಫೈವ್’ ಎಂಬ ಪಟ್ಟಿಯೂ ಬೇಟೆಗಾರರದ್ದೇ. ಆನೆ, ಘೇಂಡಾಮೃಗ, ಕಾಡೆಮ್ಮೆ, ಸಿಂಹ, ಚಿರತೆ ಈ ಐದು ಅದರಲ್ಲಿ ಸೇರಿದ್ದು ಗಾತ್ರದಿಂದಲ್ಲ. ಹಾಗಿದ್ದರೆ ಜಿರಾಫೆ ಇರಬೇಕಿತ್ತು, ನೀರಾನೆ ಇರಬೇಕಿತ್ತು. ಕಾಲ್ನಡಿಗೆಯಲ್ಲಿ ಬೆನ್ನುಹತ್ತಿದವನ ಮೇಲೆ ತಿರುಗಿಬೀಳುವುದರಲ್ಲಿ ಇವು ಮುಂದು. ಹಾಗಾಗಿಯೇ ಅನೇಕ ದೇಶಗಳಲ್ಲಿ ಇವುಗಳಲ್ಲಿ ದೊಡ್ಡವುಗಳ ಬೇಟೆಗೆ ಪಾಯಿಂಟ್ 375 ಅಳತೆಗಿಂತ ಸಣ್ಣ ರೈಫಲ್ ಬಳಸುವಂತಿಲ್ಲ. ಮೂರು ಕೋಲು ಕಟ್ಟಿದ ಆಸರೆಯ ಮೇಲೆ ನಳಿಗೆ ಊರಿ ಗಿರಾಕಿ ಗುಂಡು ಹಾರಿಸುತ್ತಾನೆ. ಗುರಿ ತಪ್ಪಿ ಪ್ರಾಣಿ ಗಾಯಗೊಂಡು ಪೊದೆ ಸೇರಿದರೆ ಅದನ್ನು ಹಾಗೆಯೇ ಬಿಟ್ಟು ಬರುವಂತಿಲ್ಲ; ಹಿಂದೆ ಹೋಗಿ ಮುಗಿಸುವುದು ವೃತ್ತಿಪರ ಬೇಟೆಗಾರನ ಹೊಣೆ. ಬೇಟೆಗಾರರು ಸತ್ತಿರುವ ಪ್ರಸಂಗಗಳಲ್ಲಿ ಬಹಳಷ್ಟು ಈ ಹಂತದಲ್ಲೇ ನಡೆದಿವೆ. ನೆಲದ ಮೇಲೆ ರಕ್ತ ಕಂಡರೆ ಸಾಮಾನ್ಯವಾಗಿ ಪೂರ್ತಿ ಶುಲ್ಕ ತೆರಬೇಕು, ಪ್ರಾಣಿ ಸಿಗಲಿ ಬಿಡಲಿ.

ಆಮೇಲೆ ಚಾಕುಗಳು ಹೊರಬರುತ್ತವೆ. ತಲೆ, ಕೊಂಬು, ತೊಗಲು ಮಾತ್ರ ಗಿರಾಕಿಯ ಪಾಲಿಗೆ. ತೊಗಲಿಗೆ ಉಪ್ಪು ಸವರಿ ಒಣಗಿಸಿ, ದಾಖಲೆಗಳನ್ನು ಜೋಡಿಸಿ, ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ‘ಸೈಟಿಸ್’ ಒಪ್ಪಂದದ ಪರವಾನಗಿ ಪಡೆದು ಹಡಗಿಗೋ ವಿಮಾನಕ್ಕೋ ಹತ್ತಿಸಬೇಕು. ಮಾಂಸ ಅಲ್ಲೇ ಉಳಿಯುತ್ತದೆ. ಹಳ್ಳಿಯ ಪಕ್ಕ ಆನೆ ಬಿದ್ದರೆ ಸಂಜೆಯೊಳಗೆ ಮೂಳೆ ಬಿಟ್ಟು ಬೇರೇನೂ ಇರುವುದಿಲ್ಲ. ವರ್ಷವಿಡೀ ಮೆಕ್ಕೆಜೋಳದ ಮುದ್ದೆಯಂಥ ಗಂಜಿಯಲ್ಲಿ ಹೊತ್ತು ಕಳೆಯುವ ಮನೆಗಳಿಗೆ ಅಂದು ಬಾಡೂಟ.

ಮೂಗು ಕಪ್ಪಾದ ಸಿಂಹ

ಕೋಟಾ ಎಂಬುದು ಕಾಗದದ ಮೇಲಿನ ಸಂಖ್ಯೆ. ಅದರ ಹಿಂದೆ ವಿಜ್ಞಾನ ಇದ್ದಾಗ ಏನಾಗುತ್ತದೆ, ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಸಿಂಹವೇ ಒಳ್ಳೆಯ ಉದಾಹರಣೆ. ಒಂದು ಗುಂಪಿನ ಯಜಮಾನ ಗಂಡನ್ನು ಹೊಡೆದರೆ ಲೆಕ್ಕ ಒಂದಕ್ಕೆ ನಿಲ್ಲುವುದಿಲ್ಲ. ತೆರವಾದ ಜಾಗಕ್ಕೆ ಹೊರಗಿನ ಗಂಡುಗಳು ನುಗ್ಗುತ್ತವೆ, ಹಿಂದಿನವನ ಮರಿಗಳನ್ನು ಕೊಲ್ಲುತ್ತವೆ. ಹೀಗಾಗಿ ಒಂದು ಗುಂಡಿಗೆ ಐದಾರು ಜೀವ ಹೋಗಬಹುದು.

ಸೆರೆಂಗೆಟಿಯಲ್ಲಿ ದಶಕಗಳ ಕಾಲ ಸಿಂಹಗಳ ಅಧ್ಯಯನ ಮಾಡಿದ ಕ್ರೇಗ್ ಪ್ಯಾಕರ್ ಮತ್ತು ಸಂಗಡಿಗರು 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಸರಳ ಪರಿಹಾರ ಮುಂದಿಟ್ಟರು. ಐದಾರು ವರ್ಷ ದಾಟಿ, ಒಂದು ಸೂಲು ಮರಿಗಳನ್ನು ದೊಡ್ಡವು ಮಾಡಿ ಮುಗಿಸಿದ ಗಂಡನ್ನು ಮಾತ್ರ ಹೊಡೆದರೆ ಒಟ್ಟು ಸಂಖ್ಯೆಗೆ ಪೆಟ್ಟು ಬೀಳುವುದಿಲ್ಲ ಎಂದರು. ವಯಸ್ಸು ತಿಳಿಯುವುದು ಹೇಗೆ? ಎಳೆಯ ಸಿಂಹದ ಮೂಗಿನ ತುದಿ ಗುಲಾಬಿ ಬಣ್ಣದ್ದು. ವಯಸ್ಸಾದಂತೆ ಅದರ ಮೇಲೆ ಕಪ್ಪು ಚುಕ್ಕೆಗಳು ಹರಡುತ್ತವೆ. ದುರ್ಬೀನಿನಲ್ಲಿ ಮೂಗು ನೋಡಿ ಗುಂಡು ಹೊಡೆಯಬೇಕೇ ಬೇಡವೇ ಎಂದು ತೀರ್ಮಾನಿಸಬಹುದು. ಮೊಜಾಂಬಿಕ್‌ನ ನಿಯಾಸಾ ಮೀಸಲು ಪ್ರದೇಶ ಆರು ವರ್ಷ ತುಂಬಿದ ಸಿಂಹವನ್ನು ಮಾತ್ರ ಹೊಡೆಯುವ ನಿಯಮವನ್ನು ಜಾರಿಗೆ ತಂದಿತು. ಟಾಂಜಾನಿಯಾವೂ ನಿಯಮ ಮಾಡಿತು. ಆದರೆ ಬೇಟೆ ಉದ್ಯಮದ ಭ್ರಷ್ಟಾಚಾರದ ಬಗ್ಗೆ ಬಾಯಿಬಿಟ್ಟು ಮಾತಾಡಿದ ಪ್ಯಾಕರ್ ಅವರಿಗೆ ಟಾಂಜಾನಿಯಾ ತನ್ನ ಬಾಗಿಲನ್ನೇ ಮುಚ್ಚಿತು. ಮೂಗು ನೋಡಲು ಕಲಿಸಿದವನನ್ನೇ ಹೊರಗಟ್ಟಿದ ಮೇಲೆ ನಿಯಮಕ್ಕೆ ಎಷ್ಟು ಬೆಲೆ ಉಳಿದೀತು?

ದೊರೆಗಳಿಗೆ ಬೇಟೆ, ಊರವರಿಗೆ ಜೈಲು

ಆಫ್ರಿಕದ ಸಫಾರಿ ಬೇಟೆಗೆ ಜಗತ್ತಿನಲ್ಲಿ ಹೆಸರು ತಂದವರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್ವೆಲ್ಟ್ ದೊಡ್ಡವರು. 1909ರ ಮಾರ್ಚ್‌ನಲ್ಲಿ ಅಧಿಕಾರ ಬಿಟ್ಟು ಏಪ್ರಿಲ್‌ನಲ್ಲಿ ಮೊಂಬಾಸಾದಲ್ಲಿ ಇಳಿದರು. ಮಗ ಕೆರ್ಮಿಟ್ ಜೊತೆಗಿದ್ದ. ಸಾಲುಗಟ್ಟಿ ನಡೆದ ಇನ್ನೂರಕ್ಕೂ ಮಿಕ್ಕಿದ ಹೊರೆಯಾಳುಗಳು ಡೇರೆ, ಮದ್ದುಗುಂಡು, ಉಪ್ಪಿನ ಮೂಟೆ, ಓದಲು ಪುಸ್ತಕದ ಪೆಟ್ಟಿಗೆ ಎಲ್ಲ ಹೊತ್ತರು. ಮುಂದಿನ ವರ್ಷ ಖಾರ್ಟೂಮ್ ತಲುಪುವಷ್ಟರಲ್ಲಿ ತಂದೆ ಮಗ ಸೇರಿ ಹೊಡೆದದ್ದು 512 ಪ್ರಾಣಿ. ಅದರಲ್ಲಿ 17 ಸಿಂಹ, 11 ಆನೆ, 20 ಘೇಂಡಾಮೃಗ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯಕ್ಕೆ ಮಾದರಿ ಸಂಗ್ರಹಿಸುವುದು ಆ ಪ್ರವಾಸದ ಉದ್ದೇಶವಾಗಿತ್ತು.

ಅದೇ ಕಾಲದಲ್ಲಿ ವಸಾಹತು ಸರ್ಕಾರಗಳು ಇನ್ನೊಂದು ಕೆಲಸ ಮಾಡಿದವು. ಕಾಡನ್ನೂ ಪ್ರಾಣಿಗಳನ್ನೂ ಸರ್ಕಾರದ ಸ್ವತ್ತೆಂದು ಸಾರಿ, ತಲತಲಾಂತರದಿಂದ ಬಿಲ್ಲು, ಉರುಳು, ಈಟಿಗಳಿಂದ ಬೇಟೆಯಾಡುತ್ತಿದ್ದ ಸ್ಥಳೀಯರನ್ನು ಕಳ್ಳಬೇಟೆಗಾರರೆಂದು ಕರೆದವು. ಲೈಸೆನ್ಸ್ ಕೊಂಡ ಬಿಳಿಯನಿಗೆ ಸಿಂಹ ಟ್ರೋಫಿ. ಹಸಿವಿಗೆ ಜಿಂಕೆ ಹಿಡಿದ ಕರಿಯನಿಗೆ ಸೆರೆಮನೆ. ಆನೆ ಹೊಲ ತುಳಿದರೆ ನಷ್ಟ ಊರವರದು, ದಂತ ಸರ್ಕಾರದ್ದು. ಇಂಥ ಕಡೆ ಹಳ್ಳಿಗನಿಗೆ ಕಾಡುಪ್ರಾಣಿ ಎಂದರೆ ಪಿಡುಗು, ಹೆಚ್ಚೆಂದರೆ ಕದ್ದು ತಿನ್ನುವ ಮಾಂಸ. ಅದನ್ನು ಉಳಿಸಲು ಅವನಿಗೆ ಒಂದು ಕಾರಣವೂ ಇರಲಿಲ್ಲ.

ನಮೀಬಿಯಾ ತಿರುಗಿಸಿದ ಲೆಕ್ಕ

ಕುನೊ ಕಾಡಿಗೆ 2022ರಲ್ಲಿ ಮೊದಲ ಎಂಟು ಚೀತಾಗಳನ್ನು ಕಳಿಸಿದ ದೇಶವೆಂದು ನಮಗೆ ಪರಿಚಯವಾದ ನಮೀಬಿಯಾದಲ್ಲಿ ಈ ಲೆಕ್ಕ ತಿರುಗಿತು. ದಕ್ಷಿಣ ಆಫ್ರಿಕದ ಆಡಳಿತದಲ್ಲಿದ್ದಾಗ, 1960ರ ದಶಕದ ಕೊನೆಗೆ, ಬೇಲಿ ಹಾಕಿದ ದೊಡ್ಡ ಜಮೀನುಗಳ ಬಿಳಿಯ ಒಡೆಯರಿಗೆ ತಮ್ಮ ನೆಲದ ಕಾಡುಪ್ರಾಣಿಗಳ ಮೇಲೆ ಹಕ್ಕು ಸಿಕ್ಕಿತ್ತು. ಅದುವರೆಗೆ ದನಗಳ ಮೇವಿಗೆ ಪೈಪೋಟಿ ಕೊಡುತ್ತವೆಂದು ಜಿಂಕೆಗಳನ್ನು ಕೊಲ್ಲುತ್ತಿದ್ದವರು, ಬೇಟೆಗಾರರಿಂದ ಕಾಸು ಬರುತ್ತದೆಂದು ಗೊತ್ತಾದ ಮೇಲೆ ಸಾಕತೊಡಗಿದರು. ಕರಿಯರ ಸಮುದಾಯ ಜಮೀನುಗಳಿಗೆ ಈ ಹಕ್ಕು ಇರಲಿಲ್ಲ.

1980ರ ದಶಕದ ಆರಂಭದಲ್ಲಿ ವಾಯವ್ಯದ ಕಾವೊಕೊವೆಲ್ಡ್ ಪ್ರದೇಶ ಭೀಕರ ಬರಕ್ಕೂ ದಂತ, ಕೊಂಬುಗಳ ಕಳ್ಳಬೇಟೆಗೂ ಒಟ್ಟಿಗೇ ಸಿಕ್ಕಿತು. ಗಾರ್ತ್ ಓವೆನ್ ಸ್ಮಿತ್ ಎಂಬ ಸಂರಕ್ಷಣಾ ಕಾರ್ಯಕರ್ತ ಆಗ ಮಾಡಿದ ಕೆಲಸ ನೋಡಲು ಸಣ್ಣದು. ಪೊಲೀಸರನ್ನು ಹೆಚ್ಚಿಸಿ ಎನ್ನದೆ, ಹಳ್ಳಿಯ ಮುಖಂಡರ ಜೊತೆ ಕೂತು ಮಾತಾಡಿದರು. ಪ್ರಾಣಿಗಳು ಮುಗಿದುಹೋಗುವುದು ಆ ಮುಖಂಡರಿಗೂ ಬೇಡವಾಗಿತ್ತು. ಅವರೇ ಆರಿಸಿ ಕೊಟ್ಟ ಆಳುಗಳು, ಅವರಿಗೇ ಉತ್ತರಿಸುವ ಕಾವಲುಗಾರರು, ಸಂಬಳದ ಬದಲು ಬಹುಪಾಲು ಹಿಟ್ಟು, ಸಕ್ಕರೆಯ ಪಡಿ. ಕಳ್ಳಬೇಟೆಗಾರರ ಸುದ್ದಿ ಮೊದಲು ತಿಳಿಯುವುದು ಊರಿಗೇ ಆದ್ದರಿಂದ ಈ ಕಾವಲು ಫಲಿಸಿತು. ಈ ಕೆಲಸಕ್ಕೆ ಓವೆನ್ ಸ್ಮಿತ್ ಮತ್ತು ಅವರ ಜೊತೆ ದುಡಿದ ಮಾರ್ಗರೆಟ್ ಜೇಕಬ್ಸನ್ ಇಬ್ಬರಿಗೂ 1993ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು.

1990ರಲ್ಲಿ ದೇಶ ಸ್ವತಂತ್ರವಾಯಿತು. 1996ರ ಕಾನೂನು, ಬಿಳಿಯ ರೈತರಿಗಿದ್ದ ಹಕ್ಕನ್ನೇ ಸಮುದಾಯಗಳಿಗೂ ಕೊಟ್ಟಿತು. ಒಂದು ಪ್ರದೇಶದ ಜನ ಗಡಿ ಗುರುತಿಸಿ, ಸದಸ್ಯರ ಪಟ್ಟಿ ಮಾಡಿ, ಸಮಿತಿ ಚುನಾಯಿಸಿ, ದುಡ್ಡು ಹಂಚುವ ಕ್ರಮ ಬರೆದುಕೊಟ್ಟರೆ ‘ಕನ್ಸರ್ವೆನ್ಸಿ’ ಎಂದು ನೋಂದಾಯಿಸಬಹುದು. 1998ರಲ್ಲಿ ಮೊದಲ ನಾಲ್ಕು ಶುರುವಾದವು. ಇಂದು ಅವು 86. ದೇಶದ ನೆಲದ ಸುಮಾರು ಐದನೇ ಒಂದು ಭಾಗ ಅವುಗಳ ವ್ಯಾಪ್ತಿಯಲ್ಲಿದೆ. ಕಾವಲುಗಾರರು ಒಂದು ‘ಘಟನೆ ಪುಸ್ತಕ’ ಇಟ್ಟುಕೊಂಡಿರುತ್ತಾರೆ. ಕಂಡ ಪ್ರಾಣಿ, ಸಿಕ್ಕ ಉರುಳು, ಸಿಂಹ ಹಿಡಿದ ಕರು, ಆನೆ ಮುರಿದ ನೀರಿನ ತೊಟ್ಟಿ ಎಲ್ಲವೂ ಅದರಲ್ಲಿ ದಾಖಲು. ಈ ದಾಖಲೆ, ಗಣತಿಗಳ ಮೇಲೆ ಸರ್ಕಾರ ಕೋಟಾ ಕೊಡುತ್ತದೆ. ಯಾವ ಕಂಪನಿಗೆ ಬೇಟೆ ಗುತ್ತಿಗೆ ಎಂಬುದನ್ನು ಕನ್ಸರ್ವೆನ್ಸಿ ಚೌಕಾಸಿ ಮಾಡಿ ತೀರ್ಮಾನಿಸುತ್ತದೆ. ಶುಲ್ಕ ಅದರ ಖಾತೆಗೆ, ಮಾಂಸ ಅದರ ಮನೆಗಳಿಗೆ.

ಪ್ರವಾಸೋದ್ಯಮ ಸಾಲದೇ ಎಂದು ಯಾರಾದರೂ ಕೇಳಬಹುದು. 2016ರಲ್ಲಿ ರಾಬಿನ್ ನೈಡೂ ಮತ್ತು ಸಂಗಡಿಗರು 77 ಕನ್ಸರ್ವೆನ್ಸಿಗಳ ಲೆಕ್ಕ ತೆಗೆದು ನೋಡಿದರು. ಬೇಟೆಯ ಆದಾಯ ಸಾಮಾನ್ಯವಾಗಿ ಸ್ಥಾಪನೆಯಾದ ಮೂರು ವರ್ಷದೊಳಗೆ ಬರತೊಡಗಿತ್ತು. ಪ್ರವಾಸೋದ್ಯಮದ್ದು ಬರಲು ಆರು ವರ್ಷ ಹಿಡಿದಿತ್ತು. ಲಾಡ್ಜುಗಳಿಂದ ಸಿಕ್ಕಿದ್ದು ಮುಖ್ಯವಾಗಿ ಸಂಬಳದ ಕೆಲಸ. ಬೇಟೆಯಿಂದ ಸಿಕ್ಕಿದ್ದು ಕಾವಲುಗಾರರ ಸಂಬಳಕ್ಕೆ, ಕಚೇರಿ ಖರ್ಚಿಗೆ ಬೇಕಾದ ದುಡ್ಡು, ಊರಿಗೆಲ್ಲ ಮಾಂಸ. ಬೇಟೆ ನಿಂತರೆ ತಮ್ಮ ಖರ್ಚು ತಾವೇ ತೂಗಿಸಬಲ್ಲ ಕನ್ಸರ್ವೆನ್ಸಿಗಳ ಸಂಖ್ಯೆ ತೀರಾ ಕುಸಿಯುತ್ತದೆ ಎಂದು ಅವರು ಕಂಡರು. ಕಾರಣ ಸ್ಪಷ್ಟ. ಪ್ರವಾಸಿಗನಿಗೆ ಒಳ್ಳೆಯ ರಸ್ತೆ, ಚೆಂದದ ನೋಟ, ಎದುರಿಗೇ ನಿಲ್ಲುವ ಪ್ರಾಣಿ ಬೇಕು. ಬೇಟೆಗಾರ ಮುಳ್ಳುಪೊದೆ, ತ್ಸೆತ್ಸೆ ನೊಣ, ಸೆಕೆ, ಡೇರೆ ಎಲ್ಲವನ್ನೂ ಸಹಿಸುತ್ತಾನೆ. ಆಫ್ರಿಕದಲ್ಲಿ ಬೇಟೆಗೆಂದು ಬಿಟ್ಟಿರುವ ನೆಲ ರಾಷ್ಟ್ರೀಯ ಉದ್ಯಾನಗಳ ಒಟ್ಟು ವಿಸ್ತೀರ್ಣಕ್ಕಿಂತ ಹೆಚ್ಚು. 2007ರ ಒಂದು ಅಂದಾಜಿನಂತೆ ಸುಮಾರು 14 ಲಕ್ಷ ಚದರ ಕಿಲೋಮೀಟರ್. ಅದರಲ್ಲಿ ಬಹುಪಾಲಿಗೆ ಕ್ಯಾಮೆರಾ ಹಿಡಿದು ಯಾರೂ ಬರುವವರಿಲ್ಲ.

ಇದೇ ನಮೀಬಿಯಾದ ಒಂದು ಕಪ್ಪು ಘೇಂಡಾಮೃಗದ ಬೇಟೆ ಪರವಾನಗಿ 2014ರ ಜನವರಿಯಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಹರಾಜಾಗಿ 3,50,000 ಡಾಲರ್ ತಂದಿತು. ಗೆದ್ದವನಿಗೆ ಕೊಲೆ ಬೆದರಿಕೆಗಳು ಬಂದವು. ವರ್ಷಕ್ಕೆ ಐದು ಗಂಡುಗಳ ಬೇಟೆಗೆ 2004ರಲ್ಲೇ ಸೈಟಿಸ್ ಒಪ್ಪಿತ್ತು. ಮರಿ ಹುಟ್ಟಿಸುವ ವಯಸ್ಸು ಮೀರಿ, ತನ್ನ ನೆಲೆಗೆ ಬರುವ ಎಳೆಯ ಗಂಡುಗಳನ್ನೂ ಹೆಣ್ಣು, ಮರಿಗಳನ್ನೂ ತಿವಿಯುವ ಮುದಿ ಗಂಡನ್ನೇ ಆರಿಸುತ್ತೇವೆ ಎಂಬುದು ಸರ್ಕಾರದ ಸಮರ್ಥನೆ. ಹಣ ವನ್ಯಜೀವಿ ನಿಧಿಗೆ ಹೋಯಿತು. ಒಂದು ಜೀವಕ್ಕೆ ಬೆಲೆ ಕಟ್ಟಿದ್ದು ಹಲವರಿಗೆ ಹೇಸಿಗೆ ಎನಿಸಿತು, ನನಗೂ ಎನಿಸುತ್ತದೆ. ಆದರೆ ಆ ಹೇಸಿಗೆಯಿಂದ ಕಾವಲುಗಾರನ ಸಂಬಳ ಹುಟ್ಟುವುದಿಲ್ಲ.

ಸೋರುವ ಕೊಡಗಳು

ಇಷ್ಟಕ್ಕೇ ನಿಲ್ಲಿಸಿದರೆ ಬೇಟೆ ಕಂಪನಿಗಳ ಜಾಹೀರಾತು ಬರೆದಂತಾಗುತ್ತದೆ. ನಮೀಬಿಯಾವನ್ನು ತೋರಿಸಿ ಇಡೀ ಖಂಡದ ಬೇಟೆಗೆ ಸರ್ಟಿಫಿಕೇಟ್ ಪಡೆಯುವುದು ಆ ಉದ್ಯಮದ ಹಳೆಯ ಚಾಳಿ.

ಜಿಂಬಾಬ್ವೆಯ ಹ್ವಾಂಗೆ ಉದ್ಯಾನದ ಸೆಸಿಲ್ ಎಂಬ 13 ವರ್ಷದ ಸಿಂಹದ ಕತೆ ಎಲ್ಲರಿಗೂ ಗೊತ್ತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅದರ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿದ್ದರು. 2015ರ ಜುಲೈ ಮೊದಲ ದಿನಗಳಲ್ಲಿ ಉದ್ಯಾನದ ಗಡಿಯಾಚೆ ಅಮೆರಿಕದ ದಂತವೈದ್ಯನೊಬ್ಬ ಬಾಣ ಬಿಟ್ಟು ಅದನ್ನು ಕೊಂದ. ಬಾಣ ತಗುಲಿದ ಮೇಲೂ ಅದು ಗಂಟೆಗಟ್ಟಲೆ ನರಳಿತ್ತು. ಜಗತ್ತು ಕಣ್ಣೀರಿಟ್ಟಿತು. ಹಲವಾರು ವಿಮಾನ ಕಂಪನಿಗಳು ಟ್ರೋಫಿ ಸಾಗಣೆ ನಿಲ್ಲಿಸಿದವು, ಫ್ರಾನ್ಸ್ ಸಿಂಹದ ಟ್ರೋಫಿಗಳಿಗೆ ಬಾಗಿಲು ಹಾಕಿತು, ಅಮೆರಿಕ ಆಮದು ನಿಯಮ ಬಿಗಿಗೊಳಿಸಿತು. ಸೆಸಿಲ್‌ಗೆ ಹೆಸರಿತ್ತು, ಪ್ರವಾಸಿಗರ ಫೋಟೊಗಳಲ್ಲಿ ಮುಖವಿತ್ತು. ಅದೇ ಕಾಡಂಚಿನಲ್ಲಿ ಉರುಳಿಗೂ ವಿಷಕ್ಕೂ ಸಾಯುವ ಸಿಂಹಗಳಿಗೆ ಹೆಸರಿಲ್ಲ.

ಅದಕ್ಕಿಂತ ದೊಡ್ಡ ಸೋಲು ಟಾಂಜಾನಿಯಾದ ಸೆಲೂಸ್. ಬೇಟೆಗಾರ ಫ್ರೆಡರಿಕ್ ಸೆಲೂಸ್ ಹೆಸರಿನ, ಸುಮಾರು 50,000 ಚದರ ಕಿಲೋಮೀಟರ್‌ನ ಈ ಮೀಸಲು ಪ್ರದೇಶದ ಬಹುಪಾಲು 2019ರವರೆಗೆ ಬೇಟೆ ಬ್ಲಾಕುಗಳೇ ಆಗಿತ್ತು. ದುಡ್ಡಿರುವ ಬೇಟೆಗಾರರು ಇದ್ದಲ್ಲಿ ಕಳ್ಳಬೇಟೆಗಾರರು ಸುಳಿಯುವುದಿಲ್ಲ ಎಂಬ ವಾದಕ್ಕೆ ಇಲ್ಲಿ ಪರೀಕ್ಷೆಯಾಗಬೇಕಿತ್ತು. 1976ರಲ್ಲಿ ಒಂದು ಲಕ್ಷಕ್ಕೂ ಹೆಚ್ಚಿದ್ದ ಆನೆಗಳು 2013ರ ಹೊತ್ತಿಗೆ ಸುಮಾರು 13,000ಕ್ಕೆ ಇಳಿದಿದ್ದವು. ಬೇಟೆಯ ಆದಾಯ ಕಂಪನಿಗೂ ಖಜಾನೆಗೂ ಹರಿಯಿತು. ಅಂಚಿನ ಹಳ್ಳಿಗಳಿಗೆ ತಲುಪಿದ್ದು ತೀರಾ ಕಡಿಮೆ. ಆಫ್ರಿಕದ ಬೇಟೆ ಉದ್ಯಮದ ಆದಾಯದಲ್ಲಿ ಸ್ಥಳೀಯ ಸಮುದಾಯಕ್ಕೆ ಮುಟ್ಟುವುದು ಶೇಕಡ 3ರಷ್ಟು ಮಾತ್ರ ಎಂದು ಅರ್ಥಶಾಸ್ತ್ರಜ್ಞರ ತಂಡವೊಂದು 2013ರಲ್ಲಿ ಹೇಳಿತ್ತು. ಉದ್ಯಮದವರು ಆ ಅಂಕಿಯನ್ನು ಒಪ್ಪುವುದಿಲ್ಲ. ದಂತ ಕಡಿಯುವವನು ಮನೆಯ ಪಕ್ಕದಲ್ಲಿ ಹಾದುಹೋದಾಗ ಸೆಲೂಸ್ ಅಂಚಿನ ಊರು ಯಾಕೆ ಬಾಯಿಬಿಡಲಿಲ್ಲ ಎಂಬುದಕ್ಕಂತೂ ಬೇರೆ ವಿವರಣೆ ಹುಡುಕಬೇಕಿಲ್ಲ.

ದಕ್ಷಿಣ ಆಫ್ರಿಕದಲ್ಲಿ ನಡೆದದ್ದು ಇನ್ನೂ ನಾಚಿಕೆಗೇಡು. ಅಲ್ಲಿ ಸಾವಿರಾರು ಸಿಂಹಗಳನ್ನು ದೊಡ್ಡಿಯಲ್ಲಿ ಹುಟ್ಟಿಸಿ, ಮರಿಯಾಗಿದ್ದಾಗ ಪ್ರವಾಸಿಗರ ತೊಡೆಯ ಮೇಲೆ ಕೂರಿಸಿ ಫೋಟೊಗೆ ದುಡ್ಡು ಪಡೆದು, ದೊಡ್ಡದಾದ ಮೇಲೆ ಬೇಲಿಯೊಳಗೆ ಬಿಟ್ಟು ಗುಂಡು ಹೊಡೆಸಿ, ಕೊನೆಗೆ ಮೂಳೆಯನ್ನು ಏಷ್ಯಾದ ಮಾರುಕಟ್ಟೆಗೆ ಮಾರುವ ದಂಧೆ ಬೆಳೆಯಿತು. ಇದರಲ್ಲಿ ಕಾಡಿಲ್ಲ, ಜಾಡಿಲ್ಲ, ಸಂರಕ್ಷಣೆಯ ಸೋಗೂ ಇಲ್ಲ. 2021ರಲ್ಲಿ ಸರ್ಕಾರ ಇದನ್ನು ನಿಲ್ಲಿಸುವುದಾಗಿ ಹೇಳಿತು. ಅದೇ ದೇಶ ಒಂದು ಕಾಲಕ್ಕೆ ನೂರರೊಳಗೆ ಇಳಿದಿದ್ದ ದಕ್ಷಿಣದ ಬಿಳಿ ಘೇಂಡಾಮೃಗಗಳನ್ನು, ಖಾಸಗಿ ಜಮೀನುಗಳಲ್ಲೂ ಸಾಕಲು ಬಿಟ್ಟು, ಬೇಟೆಯ ಆದಾಯವನ್ನೂ ಆಮಿಷವಾಗಿ ಒಡ್ಡಿ, ಸುಮಾರು 20,000ಕ್ಕೆ ಮುಟ್ಟಿಸಿತ್ತು ಎಂಬುದನ್ನೂ ಹೇಳಬೇಕು. ಒಂದೇ ದೇಶ, ಒಂದೇ ಕಾನೂನು, ಎರಡು ಬೇರೆ ಫಲ.

ಗಡಿಯ ಸಮಸ್ಯೆ ಬೇರೆ. ಕೆನ್ಯಾದ ಅಂಬೊಸೆಲಿಯ ಆನೆಗಳನ್ನು ಸಿಂಥಿಯಾ ಮಾಸ್ 1972ರಿಂದ ಒಂದೊಂದನ್ನೂ ಗುರುತು ಹಿಡಿದು ಅಧ್ಯಯನ ಮಾಡುತ್ತ ಬಂದರು. ನೆಲ ತಾಗುವಷ್ಟು ಉದ್ದ ದಂತದ ಸಲಗಗಳು ಜಗತ್ತಿನಲ್ಲಿ ಇನ್ನೂ ಉಳಿದಿರುವ ಕೆಲವೇ ಜಾಗಗಳಲ್ಲಿ ಅದೊಂದು. ಆನೆಗೆ ಗಡಿಕಲ್ಲು ಕಾಣುವುದಿಲ್ಲ. ಮೇಯುತ್ತ ಟಾಂಜಾನಿಯಾಕ್ಕೆ ದಾಟುತ್ತವೆ. ಸುಮಾರು ಮೂವತ್ತು ವರ್ಷ ಆ ಭಾಗದಲ್ಲಿ ಬೇಟೆ ನಿಂತಿತ್ತು. 2023ರ ಕೊನೆಯಿಂದ ಕೆಲವು ತಿಂಗಳಲ್ಲಿ ಕನಿಷ್ಠ ಐದು ಸಲಗಗಳು ಅಲ್ಲಿ ಗುಂಡಿಗೆ ಬಿದ್ದವು. ಟಾಂಜಾನಿಯಾದ ಕಾನೂನಿನಂತೆ ಅದು ಅಪರಾಧವಲ್ಲ. ಆದರೆ ಅತಿ ಉದ್ದದ ದಂತ ಹುಡುಕಿ ಬರುವ ಬೇಟೆಗಾರ, ಮರಿ ಹುಟ್ಟಿಸುವುದರಲ್ಲಿ ಮುಂದಿರುವ, ಎಳೆಯ ಗಂಡುಗಳಿಗೆ ದಾರಿ ತೋರುವ ಹಿರಿಯನನ್ನೇ ಆರಿಸಿಕೊಳ್ಳುತ್ತಾನೆ. ಮುದಿ ಘೇಂಡಾಮೃಗಕ್ಕೆ ಹೊಂದುವ ಸಮರ್ಥನೆ ಈ ಸಲಗಗಳಿಗೆ ಹೊಂದುವುದಿಲ್ಲ.

ನಿಷೇಧದ ಲೆಕ್ಕ

ಹಾಗಾದರೆ ಪೂರ್ತಿ ನಿಷೇಧಿಸಿಬಿಟ್ಟರೆ? ಕೆನ್ಯಾ 1977ರಲ್ಲೇ ನಿಷೇಧಿಸಿತು. ಅಷ್ಟರಿಂದಲೇ ಪ್ರಾಣಿಗಳು ಉಳಿಯಲಿಲ್ಲ. 1977ರಿಂದ 2016ರೊಳಗೆ ಅಲ್ಲಿನ ಹುಲ್ಲುಗಾವಲುಗಳ ಕಾಡುಪ್ರಾಣಿಗಳ ಸಂಖ್ಯೆ ಸರಾಸರಿ ಶೇಕಡ 68ರಷ್ಟು ಇಳಿಯಿತೆಂದು ಜೋಸೆಫ್ ಒಗುಟು ಮತ್ತಿತರರ ಅಧ್ಯಯನ ತೋರಿಸಿತು. ಜನ ಹೆಚ್ಚಿದರು, ಕುರಿ ಮೇಕೆ ಹೆಚ್ಚಿದವು, ಬೇಲಿಗಳು ಎದ್ದವು, ಹವಾಮಾನ ಕೈಕೊಟ್ಟಿತು. ತಪ್ಪು ನಿಷೇಧದ್ದೇ ಎಂದು ಬೇಟೆಯ ಪರ ಇರುವವರು ಹೇಳುವುದು ಅತಿಯಾಯಿತು. ನಿಷೇಧವೊಂದೇ ರಕ್ಷಣೆ ಎನ್ನುವವರಿಗೂ ಈ ಅಂಕಿಯಲ್ಲಿ ಆಧಾರವಿಲ್ಲ. ಕೆನ್ಯಾದಲ್ಲಿ ಕೆಲಸ ಮಾಡಿದ್ದು ಇನ್ನೊಂದು ದಾರಿ. ಮಸಾಯಿ ಮಾರಾ ಸುತ್ತಲಿನ ಮಸಾಯಿ ಭೂಮಾಲೀಕರು ತಮ್ಮ ಜಮೀನುಗಳನ್ನು ಒಟ್ಟುಗೂಡಿಸಿ ಪ್ರವಾಸೋದ್ಯಮ ಕಂಪನಿಗಳಿಗೆ ಬಾಡಿಗೆಗೆ ಕೊಟ್ಟರು, ಎಕರೆಗಿಷ್ಟು ಎಂದು ದುಡ್ಡು ಕುಟುಂಬಗಳಿಗೆ ಸೇರತೊಡಗಿತು. ಒಂದು ಪ್ರಾಣಿಯನ್ನೂ ಕೊಲ್ಲದೆ ನಮೀಬಿಯಾದ್ದೇ ತತ್ವ ಅಲ್ಲಿ ನಡೆಯಿತು. ಮಾರಾಕ್ಕೆ ಜಗತ್ತೇ ಬರುತ್ತದೆ, ಹಾಗಾಗಿ ನಡೆಯಿತು.

ಬೋಟ್ಸ್ವಾನಾ 2014ರಲ್ಲಿ ಅಧ್ಯಕ್ಷ ಇಯಾನ್ ಖಾಮಾ ಕಾಲದಲ್ಲಿ ಬೇಟೆ ನಿಲ್ಲಿಸಿತು. ಒಕವಾಂಗೊದ ನೀರಿನ ನಡುವಿನ ಐಷಾರಾಮಿ ಲಾಡ್ಜುಗಳಿಗೆ ಅದರಿಂದ ತೊಂದರೆಯಾಗಲಿಲ್ಲ. ಅಂಚಿನ ಒಣ ನೆಲದ ಹಳ್ಳಿಗಳು ಆದಾಯವನ್ನೂ ಮಾಂಸವನ್ನೂ ಕಳೆದುಕೊಂಡವು. ಆನೆ ಮಾತ್ರ ಹೊಲಕ್ಕೆ ಬರುತ್ತಲೇ ಇತ್ತು. 2019ರಲ್ಲಿ ಮಸೀಸಿ ನಿಷೇಧ ತೆಗೆದರು. ಚುನಾವಣೆಯ ಲೆಕ್ಕವೂ ಅದರಲ್ಲಿ ಇತ್ತು. ಆದರೆ ಮತ ಹಾಕಿದವರು ಆನೆಯ ಜೊತೆ ಬಾಳುವವರೇ. ಅಲ್ಲಿ ವರ್ಷಕ್ಕೆ ಕೊಡುವ ಆನೆ ಕೋಟಾ ಕೆಲವು ನೂರು. 1,30,000ದ ಎದುರು ಅದರಿಂದ ಸಂಖ್ಯೆ ಹತೋಟಿಗೂ ಬರುವುದಿಲ್ಲ, ಕುಲ ಅಳಿಯುವುದೂ ಇಲ್ಲ. ಬೇಟೆಯಿಂದ ಆನೆ ಕಡಿಮೆಯಾಗುತ್ತದೆ ಎಂದು ರೈತರಿಗೆ ಹೇಳುವ ರಾಜಕಾರಣಿ ಮತ್ತು ಆನೆ ಮುಗಿದುಹೋಗುತ್ತದೆ ಎಂದು ಯುರೋಪಿನಲ್ಲಿ ಅಳುವ ಕಾರ್ಯಕರ್ತ ಇಬ್ಬರೂ ಗಣಿತ ಬಿಟ್ಟು ಮಾತಾಡುತ್ತಾರೆ.

ನಮ್ಮ ನಾಡಿಗೂ ಬೇಟೆಯ ಈ ವೈಭವ ಅಪರಿಚಿತವಲ್ಲ. ದೇಶದ ನಾನಾ ರಾಜರು, ಬ್ರಿಟಿಷ್ ಅಧಿಕಾರಿಗಳು ಹೊಡೆದ ಸಾವಿರಾರು ಹುಲಿ, ಚಿರತೆಗಳ ತೊಗಲನ್ನು ಅಚ್ಚಿಗೆ ಹೊದಿಸಿ ಕಣ್ಣು ಕೂರಿಸಿ ಕೊಡುತ್ತಿದ್ದ ವ್ಯಾನ್ ಇಂಗೆನ್ ಕಾರ್ಖಾನೆ ಮೈಸೂರಿನಲ್ಲೇ ಇತ್ತು. ಕಾಡಾನೆ ಹಿಡಿಯುವ ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆಯ ಕಾಲ ಮುಗಿಯಿತು. ಅದು ಮುಗಿದದ್ದು ಒಳ್ಳೆಯದೇ. ನಮ್ಮ ಜನಸಾಂದ್ರತೆಯಲ್ಲಿ, ಆನೆಯನ್ನು ದೇವರೆಂದು ಕೈಮುಗಿಯುವ ಊರುಗಳಲ್ಲಿ ಆಫ್ರಿಕದ ಪದ್ಧತಿ ತರಬೇಕೆಂದು ನಾನು ಹೇಳುವುದಿಲ್ಲ. ಆದರೆ ನಿಷೇಧ ಪುಕ್ಕಟೆಯಲ್ಲ. ನಾವು ಆ ಖರ್ಚನ್ನು ಆಲೂರಿನ ರೈತನ ಗದ್ದೆಯಿಂದ, ಕೊಡಗಿನ ತೋಟದಾಳಿನ ಜೀವದಿಂದ ವಸೂಲಿ ಮಾಡುತ್ತಿದ್ದೇವೆ, ಪರಿಹಾರದ ಅರ್ಜಿ ಹಿಡಿದು ಅವರು ಕಚೇರಿ ಅಲೆಯುತ್ತಾರೆ. ಕಬಿನಿಯ ರೆಸಾರ್ಟಿಗೆ ಬರುವ ದುಡ್ಡಿನಲ್ಲಿ ಕಾಡಂಚಿನ ಹಾಡಿಗೆ ಎಷ್ಟು ಸೇರುತ್ತದೆ ಎಂದು ಕೇಳಿದರೆ, ಸೆಲೂಸ್‌ನ ಪ್ರಶ್ನೆಯನ್ನೇ ನಮಗೆ ನಾವು ಕೇಳಿಕೊಂಡಂತೆ.

ಆದ್ದರಿಂದ ಆಫ್ರಿಕದ ಬೇಟೆಯ ಸುದ್ದಿ ಮುಂದಿನ ಸಲ ಬಂದಾಗ, ಸತ್ತ ಪ್ರಾಣಿಯ ಪಕ್ಕ ನಗುತ್ತ ನಿಂತವನ ಫೋಟೊ ನೋಡಿ ಸಿಟ್ಟು ಬಂದರೆ ಬರಲಿ, ಅದು ಸಹಜ. ಜೊತೆಗೆ ಮೂರು ಪ್ರಶ್ನೆ ಕೇಳೋಣ. ಆ ಕೋಟಾವನ್ನು ಯಾರು, ಯಾವ ಗಣತಿಯ ಮೇಲೆ ಬರೆದರು? ಆ ನೆಲದ ಜನಕ್ಕೆ ಬೇಡ ಎನ್ನುವ ಹಕ್ಕು ಇತ್ತೇ? ದುಡ್ಡು ಅವರ ಸಮಿತಿಯ ಖಾತೆಗೆ ಬಂತೇ, ರಾಜಧಾನಿಯಲ್ಲಿ ಕರಗಿತೇ? ಮೂರಕ್ಕೂ ಸರಿಯಾದ ಉತ್ತರವಿರುವ ಬೇಟೆ ಕಡಿಮೆ, ಉಳಿದದ್ದನ್ನು ನಿಲ್ಲಿಸಬೇಕು. ಇರುವ ಕಡೆ ಮಾತ್ರ, ಬರ್ಲಿನ್ನಿನಲ್ಲೋ ಬೆಂಗಳೂರಿನಲ್ಲೋ ಕೂತು ಅದನ್ನು ನಿಲ್ಲಿಸಿ ಎನ್ನುವವರು ಕಾವಲುಗಾರನ ಸಂಬಳವನ್ನೂ ತುಳಿದ ಹೊಲದ ಬೆಲೆಯನ್ನೂ ಪ್ರತಿ ವರ್ಷ ತಾವು ಕಟ್ಟಿಕೊಡಲು ಸಿದ್ಧರಿರಬೇಕು. ಅಷ್ಟು ದುಡ್ಡು ನಿಯಮಿತವಾಗಿ ಆ ಊರುಗಳಿಗೆ ತಲುಪುವುದಾದರೆ ಬೇಟೆ ತಾನಾಗಿ ಬೇಡವಾಗುತ್ತದೆ; ಮಾರಾದ ಮಸಾಯಿಗಳು ಅದನ್ನು ಈಗಾಗಲೇ ಮಾಡಿ ತೋರಿಸಿದ್ದಾರೆ.